ಒಂದಿಂಚಮ್ಮನ ಕುರ್ಚಿ

ಆ ಬೀದಿಯಲ್ಲಿ ಹೊಲಿಗೆಯಾಕೆಯ ನಿಜವಾದ ಹೆಸರು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಒಂದಿಂಚಮ್ಮ ಎಂದರೆ ಮಾತ್ರ ನಿದ್ದೆಗಣ್ಣಿನಲ್ಲೂ ಮನೆ ತೋರಿಸುತ್ತಾರೆ. ಮೂವತ್ತೈದು ವರ್ಷದಲ್ಲಿ ಅವಳು ಹೊಲಿದ ಒಂದು ಬಟ್ಟೆಯೂ ಅಳತೆಗೆ ಸರಿಯಾಗಿ ಇದ್ದದ್ದಿಲ್ಲ, ಎಲ್ಲದಕ್ಕೂ ಒಂದಿಂಚು ಜಾಸ್ತಿ. ಯಾಕೆಂದು ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ: ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ಊದುತ್ತಾರೆ, ಬಟ್ಟೆ ಒಗೆದಾಗ ಕುಗ್ಗುತ್ತದೆ, ಮೂರರಲ್ಲಿ ಒಂದಂತೂ ಆಗೇ ಆಗುತ್ತದೆ. ಮದುವೆಯ ವರ್ಷ ಹೊಲಿಸಿದ ಕೋಟನ್ನು ಹೊಟ್ಟೆ ಬಂದ ಮೇಲೂ ಹಾಕಿಕೊಂಡು ಮೆರೆಯುವ ಗಂಡಸರು ಬೀದಿ ತುಂಬ ಇರುವುದರಿಂದ ಯಾರೂ ಅವಳ ಜೊತೆ ವಾದಕ್ಕೆ ಇಳಿಯುವುದಿಲ್ಲ.

ಅಂಗಡಿಯ ಗೋಡೆಯ ಆಚೆಗೆ ಅವಳ ಅಣ್ಣನ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಕೋಣೆ, ಒಂದು ಬೆಂಚು, ಒಬ್ಬ ಬಡಗಿ. ಅಣ್ಣನ ಧರ್ಮ ತಂಗಿಯದಕ್ಕೆ ತದ್ವಿರುದ್ಧ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಊಟ ಸೇರುವುದಿಲ್ಲ. ನಲವತ್ತು ವರ್ಷ ಬೆತ್ತ ಹೆಣೆದ ಮರದ ಕುರ್ಚಿಗಳನ್ನೇ ಮಾಡಿದ, ಒಂದಕ್ಕೂ ಮೊಳೆ ಹೊಡೆಯಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಮಾಡಿದವನ ಜನ್ಮ ಜಾಲಾಡಿಬಿಡುತ್ತಿದ್ದ. ಹೊಲಿಗೆ ಮಿಷನ್ನಿನ ಸದ್ದು ಜಾಸ್ತಿಯಾಯಿತೆಂದು ಅವನು ಆಚೆಯಿಂದ ಗೋಡೆ ಗುದ್ದುವುದು, ಕೊಡತಿಯ ಸದ್ದು ಜಾಸ್ತಿಯಾಯಿತೆಂದು ಅವಳು ಈಚೆಯಿಂದ ಗುದ್ದುವುದು, ಹೀಗೆ ಅಣ್ಣತಂಗಿಯರ ಅನ್ಯೋನ್ಯತೆ ಸುಖವಾಗಿ ನಡೆದಿತ್ತು.

ನಾಲ್ಕು ತಿಂಗಳ ಹಿಂದೆ ಅಣ್ಣ ತಾನೇ ಹೆರೆದ ಮರದ ಸಿಪ್ಪೆಯ ಮೇಲೆ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡ. ಆಪರೇಷನ್ ಆಯಿತು. ಗಾಯಕ್ಕೆ ಹಾಕಿದ ಹೊಲಿಗೆಯನ್ನು ಒಂದಿಂಚಮ್ಮ ಬಗ್ಗಿ ನೋಡಿ, ಇನ್ನೂ ಹತ್ತಿರ ಹತ್ತಿರ ಹಾಕಬಹುದಿತ್ತು ಎಂದು ಡಾಕ್ಟರಿಗೇ ಹೇಳಿ ಬಂದಳು. ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರೋಗಿ ದಿನಕ್ಕೆ ಹತ್ತು ಸಲವಾದರೂ ತಾನಾಗಿಯೇ ಎದ್ದು ನಡೆಯಬೇಕು, ಇಲ್ಲದಿದ್ದರೆ ಕಾಲು ಸೆಟೆದುಹೋಗಿ ಮುಂದೆ ಹಾಸಿಗೆಯೇ ಗತಿ ಎಂದರು.

ಹೇಳುವುದು ಸುಲಭ. ಒಳಕೋಣೆಯ ತಗ್ಗು ಮಂಚದಿಂದ ಅವನನ್ನು ಎಬ್ಬಿಸಲು ಒಂದು ರಟ್ಟೆಗೆ ಹೆಂಡತಿ ಅಂದರೆ ಒಂದಿಂಚಮ್ಮನ ಅತ್ತಿಗೆ, ಇನ್ನೊಂದು ರಟ್ಟೆಗೆ ತಂಗಿ ಬೇಕು. ಹೆಂಗಸರಿಬ್ಬರು ತನ್ನನ್ನು ಮೂಟೆಯ ಹಾಗೆ ಎತ್ತುವುದು ಅವನಿಗೆ ಸಾಯುವಷ್ಟು ನಾಚಿಕೆ. ಕರೆಯುವುದಕ್ಕಿಂತ ಮಲಗಿರುವುದೇ ವಾಸಿ ಎಂದುಕೊಂಡು ಮಲಗಿಯೇಬಿಟ್ಟ. ಪಕ್ಕದ ಮನೆಯವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವನು ಮಾಡಿದ ಕುರ್ಚಿ ಮನೆಯಲ್ಲಿ ಒಂದೂ ಇರಲಿಲ್ಲ. ಅತ್ತಿಗೆಗೆಂದು ಮಾಡಿದ್ದನ್ನೆಲ್ಲ ಬಾಗಿಲಿಗೆ ಬಂದವರು ಕೊಂಡುಹೋಗಿದ್ದರು. ದಿನ ಕಳೆದಂತೆ ಅವನು ಬೈಯುವುದನ್ನೂ ಬಿಟ್ಟ. ಆಗ ಒಂದಿಂಚಮ್ಮನಿಗೆ ನಿಜವಾಗಿ ಭಯವಾಯಿತು.

ಒಂದು ಬೆಳಿಗ್ಗೆ ಕುತ್ತಿಗೆಗೆ ಟೇಪ್ ಹಾಕಿಕೊಂಡೇ ಬಂದು ಅವನ ಮುಂದೆ ನಿಂತಳು.

"ಬೇರೆಯವರ ಕುರ್ಚಿ ನಿನಗೆ ಆಗಲ್ಲ. ಮಾಡೋಕೆ ನಿನ್ನ ಕೈಲಾಗಲ್ಲ. ನಾನು ಮಾಡ್ತೀನಿ, ನೀನು ಬೈತಾ ಇರು."

"ಅದು ಮರ ಕಣೇ, ಬಟ್ಟೆ ಅಲ್ಲ, ತಪ್ಪಾದ್ರೆ ಬಿಚ್ಚಿ ಹೊಲಿಯೋಕೆ," ಎಂದು ಅಣ್ಣ ನಕ್ಕ. ಅವನು ನಕ್ಕು ತಿಂಗಳಾಗಿತ್ತು. ಅಷ್ಟರಿಂದಲೇ ಅವಳಿಗೆ ಅರ್ಧ ಕುರ್ಚಿ ಮುಗಿದಷ್ಟು ಹುರುಪು ಬಂತು.

ಮಂಚವನ್ನು ಕಾರ್ಖಾನೆಗೆ ಸಾಗಿಸಿದರು. ಕೂರುವವನ ಮೊಣಕಾಲ ಮಡಿಕೆಯಿಂದ ನೆಲಕ್ಕೆ ಎಷ್ಟೋ ಸೀಟು ಅಷ್ಟೇ ಎತ್ತರ ಇರಬೇಕು ಎಂಬುದು ಅಣ್ಣನ ಮೊದಲ ಪಾಠ. ಅಳೆದಳು, ಹದಿನೇಳು ಇಂಚು. ಅದನ್ನು ಗಟ್ಟಿಯಾಗಿ ಹೇಳಿ, ತನ್ನ ಪುಸ್ತಕದಲ್ಲಿ ಹದಿನೆಂಟು ಎಂದು ಬರೆದುಕೊಂಡಳು. ಇದರಲ್ಲಿ ಮೋಸವೇನೂ ಇರಲಿಲ್ಲ, ಮೂವತ್ತೈದು ವರ್ಷದ ಕೈ ಬರೆದದ್ದೇ ಹಾಗೆ. ಮುಂದೆ ಗರಗಸ ಹಿಡಿದಾಗ, ಹೊಲಿಗೆಯನ್ನಾದರೂ ಬಿಚ್ಚಬಹುದು, ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ ಎಂದು ಹೆದರಿ, ಸೀಮೆಸುಣ್ಣದ ಗೆರೆಯಿಂದ ಇನ್ನೊಂದಿಂಚು ಆಚೆಗೆ ಕೊಯ್ದಳು. ಅಣ್ಣ ಇದನ್ನೆಲ್ಲ ಮಲಗಿಕೊಂಡು ನೋಡುತ್ತಿದ್ದ. ಮಲಗಿದವನ ಕಣ್ಣಿಗೆ ಎಲ್ಲವೂ ಎತ್ತರವಾಗಿಯೇ ಕಾಣುವುದರಿಂದ ಅವನಿಗೆ ಅನುಮಾನ ಬರಲಿಲ್ಲ.

ಕಾಲುಗಳಲ್ಲಿ ಉಳಿಯಿಂದ ಚೌಕದ ತೂತು ಕೊರೆಯಬೇಕು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಹೆರೆದು ಅದರೊಳಗೆ ಕೂರಿಸಬೇಕು. ಮೊದಲ ಎರಡು ಪಟ್ಟಿಗಳ ನಾಲಿಗೆ ಮುರಿದುಹೋಯಿತು. ಮೂರನೆಯದು ತೂತಿನಲ್ಲಿ ಗಡಗಡ ಆಡುತ್ತಿತ್ತು, ಅದಕ್ಕೂ ಅವಳು ಒಂದಿಷ್ಟು ಸಡಿಲ ಬಿಟ್ಟಿದ್ದಳು. ಉಸಿರಾಡೋಕೆ ಜಾಗ ಬಿಡೋಕೆ ಇದೇನು ಅಂಗಿಯೇ ಎಂದು ಅಣ್ಣ ಮಂಚದ ಪಟ್ಟಿ ಗುದ್ದಿದ. ಅಂಟು ಹಾಕುವ ಮೊದಲು ಎಲ್ಲವನ್ನೂ ದಾರದಿಂದ ಕಟ್ಟಿ ಒಮ್ಮೆ ಟ್ರಯಲ್ ನೋಡುತ್ತೇನೆಂದು ಅವಳು ಹಟ ಹಿಡಿದಳು. ಕುರ್ಚಿಗೆ ಎಂಥ ಟ್ರಯಲ್ ಎಂದು ಅವನು ಹಂಗಿಸಿದ. ಕಟ್ಟಿ ನೋಡಿದರೆ ಹಿಂದಿನ ಎಡಗಾಲು ತಿರುಗುಮುರುಗಾಗಿ ಕೂತಿತ್ತು. ಅವನು ಹಂಗಿಸುವುದನ್ನು ಆ ದಿನದ ಮಟ್ಟಿಗೆ ನಿಲ್ಲಿಸಿದ. ಅತ್ತಿಗೆ ಅಡುಗೆಮನೆಯಿಂದಲೇ ಇವರಿಬ್ಬರ ಜಗಳ ಕೇಳಿಸಿಕೊಂಡು, ಮನೆ ಮತ್ತೆ ಮನೆಯ ಹಾಗೆ ಆಯಿತು ಎಂದುಕೊಂಡಳು.

ಬೆತ್ತದ ಕೆಲಸಕ್ಕೆ ಬಂದಾಗ ಒಂದಿಂಚಮ್ಮನ ಕೈ ತನ್ನ ಊರಿಗೆ ಬಂದು ಮುಟ್ಟಿತು. ನೀರಿನಲ್ಲಿ ನೆನೆಸಿದ ಎಳೆಗಳನ್ನು ಸೀಟಿನ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಅವೆರಡರ ಮೇಲೆ ಇನ್ನೊಂದು ಸುತ್ತು, ಕೊನೆಗೆ ಮೂಲೆಯಿಂದ ಮೂಲೆಗೆ ಒಂದರ ಕೆಳಗೆ ಒಂದರ ಮೇಲೆ. ತುಂಬ ಬಿಗಿಯಬೇಡ, ಒಣಗಿದಾಗ ತಾನೇ ಬಿಗಿಯುತ್ತದೆ ಎಂದು ಅಣ್ಣ ಹೇಳುವ ಮೊದಲೇ ಅವಳು ಸಡಿಲ ಬಿಟ್ಟೇ ಹೆಣೆಯುತ್ತಿದ್ದಳು. ಇಡೀ ಕುರ್ಚಿಯಲ್ಲಿ ಅವಳ ಚಾಳಿಗೆ ಮರ್ಯಾದೆ ಸಿಕ್ಕಿದ್ದು ಅಲ್ಲೊಂದೇ ಕಡೆ. ನಾಲ್ಕು ದಿನ ಅಣ್ಣ ತುಟಿ ಬಿಚ್ಚಲಿಲ್ಲ. ಅವನ ಬಾಯಲ್ಲಿ ಹೊಗಳಿಕೆ ಬರುವುದು ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು.

ಬೆತ್ತ ಒಣಗಿದ ಮೇಲೆ ಒಂದು ಬೆಳಿಗ್ಗೆ ಹೆಂಗಸರಿಬ್ಬರೂ ಸೇರಿ ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಅವನು ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಕುರ್ಚಿ ಕಿರ್ರೆನ್ನಲಿಲ್ಲ. ಆಮೇಲೆ ಕೆಳಗೆ ನೋಡಿಕೊಂಡ. ಹಿಮ್ಮಡಿಗಳು ನೆಲ ಮುಟ್ಟದೆ ತೂಗಾಡುತ್ತಿದ್ದವು.

ಟೇಪ್ ಕೊಡು ಎಂದ. ತಾನೇ ಬಗ್ಗಿ ಸೀಟಿನಿಂದ ನೆಲಕ್ಕೆ ಇಳಿಬಿಟ್ಟ.

"ಹತ್ತೊಂಬತ್ತು," ಎಂದ ಅಣ್ಣ. "ನೀನು ಅಳೆದು ಹೇಳಿದ್ದು ಹದಿನೇಳು."

"ಬರೆಯೋವಾಗ ಒಂದಿಂಚು ಜಾಸ್ತಿ ಬಿಟ್ಟೆ," ಎಂದಳು ತಂಗಿ, ನೆಲ ನೋಡುತ್ತಾ. "ಕೊಯ್ಯೋವಾಗ ಇನ್ನೊಂದು ಬಿಟ್ಟೆ."

ಅವನ ಮುಖ ಕೆಂಪಾಯಿತು. ನಲವತ್ತು ವರ್ಷದ ಹೆಸರು ಹಾಳಾಯಿತು, ಇದು ಕುರ್ಚಿಯೋ ಅಟ್ಟವೋ, ನಾಲ್ಕು ಕಾಲನ್ನೂ ಎರಡೆರಡು ಇಂಚು ಈಗಲೇ ಕೊಯ್ದು ಬಿಸಾಕುತ್ತೇನೆ ಎಂದು ಕೂಗಾಡುತ್ತಾ ಕುರ್ಚಿಯ ಕೈಗಳನ್ನು ಒತ್ತಿ ಎದ್ದ. ಎದ್ದವನು ಗೋಡೆ ಹಿಡಿದುಕೊಂಡು ಬೆಂಚಿನವರೆಗೆ ಹೋಗಿ ಗರಗಸ ತೆಗೆದುಕೊಂಡು ತಿರುಗಿದ. ಹೆಂಗಸರಿಬ್ಬರೂ ಅವನನ್ನು ಎತ್ತಲು ಚಾಚಿದ್ದ ಕೈಗಳನ್ನು ಹಾಗೇ ಹಿಡಿದು ನಿಂತಿದ್ದರು.

"ಏನು ಹಾಗೆ ನೋಡ್ತಾ ಇದ್ದೀರಿ?" ಎಂದ.

ಅತ್ತಿಗೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಒಮ್ಮೆ ಕುರ್ಚಿಯನ್ನು ನೋಡಿದ, ಒಮ್ಮೆ ತನ್ನ ಕಾಲುಗಳನ್ನು ನೋಡಿಕೊಂಡ. ತಗ್ಗು ಮಂಚದಿಂದ ಇಬ್ಬರು ಎತ್ತಬೇಕಾಗಿದ್ದ ಸೊಂಟವನ್ನು ಆ ಎರಡಿಂಚು ಎತ್ತಿ ಕಳಿಸಿತ್ತು. ಅವನು ಗರಗಸವನ್ನು ಮೊಳೆಗೆ ವಾಪಸು ತಗುಲಿಹಾಕಿದ. ಯಾರೂ ಹಿಡಿಯಬಾರದು ಎಂದು ಹೇಳಿ, ಮೆಲ್ಲಗೆ ಬಂದು ಕೂತ. ಮತ್ತೆ ಎದ್ದ. ಮತ್ತೆ ಕೂತ.

ಮಧ್ಯಾಹ್ನ ಒಂದಿಂಚಮ್ಮ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಾಗ ಗೋಡೆಗೆ ಧಡಧಡ ಗುದ್ದು ಬಿತ್ತು. ಆ ಗೋಡೆ ಗುದ್ದಬೇಕಾದರೆ ಕುರ್ಚಿಯಿಂದ ಎದ್ದು ಆರು ಹೆಜ್ಜೆ ನಡೆಯಬೇಕು.

"ಎರಡಿಂಚಮ್ಮ, ಕಾಲು ಜೋಮು ಹಿಡೀತಾ ಇದೆ. ಕಾಲಿಡೋಕೆ ಒಂದು ಮಣೆ ಮಾಡು, ಅದಕ್ಕಾದ್ರೂ ಅಳತೆ ಸರಿಯಾಗಿ ತಗೋ."

ಅವಳು ಮಿಷನ್ ನಿಲ್ಲಿಸಿದಳು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಯಾರದೋ ಅಂಗಿಯ ತೋಳು, ಅದರಲ್ಲೇ ಒರೆಸಿಕೊಂಡು, ಎದ್ದು ಹೋಗಿ ತನ್ನ ಕಡೆಯಿಂದ ಗೋಡೆಗೆ ಬಲವಾಗಿ ಒಂದು ಗುದ್ದಿದಳು.