ಈ ಸೋಮವಾರ ನಲ್ಲೂರಿಗೆ ಜಾಗ ಇಲ್ಲ

"ಯಾವ ಊರು ಸಾರ್?"

ಫೋನ್ ಎತ್ತಿದ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಏನು ತೊಂದರೆ ಅಂತಲೂ ಕೇಳಲಿಲ್ಲ.

"ನಲ್ಲೂರು" ಅಂದೆ.

"ಈ ಸೋಮವಾರ ಆಗಲ್ಲ ಸಾರ್. ಮುಂದಿನ ಸೋಮವಾರ ಬರ್ರಿ."

"ಪೂರ್ತಿ ಬುಕ್ ಆಗಿದೆಯಾ?"

"ಇಲ್ಲ. ಹನ್ನೊಂದೂವರೆಗೆ ಜಾಗ ಐತೆ. ನಲ್ಲೂರಿಗೆ ಇಲ್ಲ, ಅಷ್ಟೆ."

ನನಗೆ ಎಲ್ಲಿತ್ತೋ ಸಿಟ್ಟು! ಇದೇನು ಕ್ಲಿನಿಕ್ಕೋ, ಪಂಚಾಯ್ತಿ ಚುನಾವಣೆಯ ಮೀಸಲಾತಿಯೋ?

ವಿಷಯ ಇಷ್ಟು. ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ ಇದೆ. ಡಾಕ್ಟರು ದಾವಣಗೆರೆಯಿಂದ ಸೋಮವಾರ ಮಾತ್ರ ಬರುತ್ತಾರೆ. ನಲ್ಲೂರಿನಲ್ಲಿರುವ ನನ್ನ ಅತ್ತಿಗೆಗೆ ಅಲ್ಲಿ ಕಿವಿ ತೋರಿಸಬೇಕಿತ್ತು. ಭಾರದ ಜುಮುಕಿ ಹಾಕೀ ಹಾಕೀ ಅತ್ತಿಗೆಯ ಎರಡೂ ಕಿವಿಯ ತೂತು ಕೆಳಗಿನವರೆಗೆ ಹರಿದುಹೋಗಿವೆ. ಆರು ವರ್ಷದಿಂದ ಓಲೆ ಇಲ್ಲ. ಮದುವೆಮನೆಗೆ ಹೋದರೆ ಸೆರಗು ತಲೆ ಮೇಲಿಂದ ಇಳಿಯಲ್ಲ.

"ಹೊಲಿಸ್ಕೊಳ್ಳಿ ಅತ್ತಿಗೆ" ಅಂತ ನಾನು ಹೇಳಿದಾಗಲೆಲ್ಲ ಒಂದೇ ಉತ್ತರ. "ಈ ವಯಸ್ಸಾಗೆ ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೊಂಡ್ಳಂತೆ ಅಂತ ಊರೆಲ್ಲ ಆಡ್ಕೊಳ್ಳಲಿ ಅಂತೀಯೇನೋ?"

ಅಂಥವರು ಮೊನ್ನೆ ಅದ್ಯಾವ ಘಳಿಗೆಯಲ್ಲೋ ಹೂಂ ಅಂದಿದ್ದರು. ಅತ್ತಿಗೆ ಹೂಂ ಅಂದಾಗಲೇ ಹೊರಡಿಸಬೇಕು. ಒಂದು ವಾರ ಬಿಟ್ಟರೆ ಅದು ಉಹೂಂ ಆಗಿರುತ್ತದೆ.

ನಾನೇನು ಮಾಡಿದೆ ಗೊತ್ತಾ? ಹತ್ತು ನಿಮಿಷ ಬಿಟ್ಟು ಹೆಂಡತಿಯ ಫೋನಿಂದ, ದನಿ ಬದಲಿಸಿ ಮತ್ತೆ ಮಾಡಿದೆ. "ಸಾಸ್ವೆಹಳ್ಳಿಯಿಂದ ರೀ" ಅಂದೆ. ಹನ್ನೊಂದೂವರೆ ಸಿಕ್ಕಿತು. ಪೇಪರಿಗೆ ಬರೆಯೋರ ತಲೆ ಅಂದ್ರೆ ಸುಮ್ನೇನಾ ಅಂತ ಮೀಸೆ ತಿರುವಿಕೊಂಡೆ. (ಮೀಸೆ ಈಗ ಮಣ್ಣಾಗಿದೆ, ಮುಂದೆ ಓದಿ.)

ಕ್ಲಿನಿಕ್ಕಿಗೆ ಹೋದರೆ ಐದೇ ಐದು ಕುರ್ಚಿ. ಮೇಜಿನ ಹಿಂದೆ ಜಯಮ್ಮ. ಅದೇ ಫೋನ್ ದನಿ. ನಲವತ್ತರ ಆಸುಪಾಸು, ಬಾಯಿ ಕಮ್ಮಿ, ಕಣ್ಣು ಜಾಸ್ತಿ. ಈಕೆ ಯಾರ ಹೆಸರನ್ನೂ ಕೂಗುವುದಿಲ್ಲ. ಸರದಿ ಬಂದಾಗ ಎದ್ದು ಬಂದು ಮೆಲ್ಲಗೆ ಭುಜ ಮುಟ್ಟುತ್ತಾರೆ, ಅಷ್ಟೆ. ಯಾರಿಗೋ ಫೋನ್ ಮಾಡಿದರು. ಆ ಕಡೆ ಬೇರೆ ಯಾರೋ ಎತ್ತಿರಬೇಕು. ಜಯಮ್ಮ ಕಣ್ಣು ಮಿಟುಕಿಸದೆ ಅಂದರು, "ಅಕ್ಕಾರ ಬ್ಲೌಸ್ ರೆಡಿ ಆಗೈತೆ, ಸೋಮವಾರ ಅಳತೆ ನೋಡಾಕೆ ಬರಬೇಕಂತೆ ಅಂತ ಹೇಳಿಬಿಡ್ರಿ." ಹೊಲಿಗೆ ಬಿಚ್ಚುವ ದಿನಕ್ಕೆ ಎಂಥ ವೇಷ ನೋಡಿ! ನನಗೆ ನಗು ತಡೆಯಲಾಗಲಿಲ್ಲ.

ನಗು ಅಲ್ಲಿಗೇ ನಿಂತಿತು. ಮೂಲೆಯ ಕುರ್ಚಿಯಲ್ಲಿ ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದ ಹುಡುಗಿ ಅತ್ತಿಗೆಯನ್ನು ನೋಡಿದಳು. ಅತ್ತಿಗೆಯೂ ನೋಡಿದರು. ನಲ್ಲೂರಿನಲ್ಲಿ ಅತ್ತಿಗೆಯ ಮನೆಯಿಂದ ಮೂರನೇ ಮನೆಯ ಸೊಸೆ. ಎಣ್ಣೆ ಸಿಡಿದು ಗದ್ದದ ಕೆಳಗೆ ಸುಟ್ಟ ಕಲೆ. (ಅವಳಿಗೋಸ್ಕರ ಊರನ್ನೂ ಕಲೆಯ ಜಾಗವನ್ನೂ ಬದಲಿಸಿದ್ದೀನಿ. ಹುಡುಕಾಕೆ ಹೋಗಬೇಡಿ.)

ಹುಡುಗಿ ಎದ್ದಳು. "ಪರ್ಸ್ ಮರೆತು ಬಂದೆ" ಅಂತ ಗೊಣಗಿ ಸರಸರ ಹೊರಗೆ ನಡೆದಳು. ಪರ್ಸ್ ಕೈಯಲ್ಲೇ ಇತ್ತು.

ಜಯಮ್ಮ ನನ್ನನ್ನೇ ನೋಡಿದರು. "ಸಾಸ್ವೆಹಳ್ಳಿ ಅಂದಿದ್ದು ನೀವೇನಾ ಸಾರ್?"

"ಸಣ್ಣ ಸುಳ್ಳು ಕಣಮ್ಮ..."

"ಆ ಹುಡುಗಿ ಎರಡು ಸಲ ಗೇಟಿನ ತನಕ ಬಂದು ವಾಪಸ್ ಹೋಗಿದ್ಲು. ಇವತ್ತು ಒಳಗೆ ಬಂದು ಕೂತಿದ್ಲು. ಇನ್ನ ಬರಲ್ಲ ಅವಳು. ಒಂದೇ ಊರಿನವರನ್ನ ಒಂದೇ ದಿನ ಕೂರಿಸಲ್ಲ ಅಂತ ನಾನು ಯಾಕೆ ಸಾಯ್ತೀನಿ, ಗೊತ್ತಾಯ್ತಾ ಈಗ?"

ನಾಚಿಕೆಯಿಂದ ಸತ್ತೆ. ಊರಿಗೆಲ್ಲ ಬುದ್ಧಿ ಹೇಳಿ ಅಂಕಣ ಬರೆಯುವವನು ನಾನು!

ತಿರುಗಿ ನೋಡಿದರೆ ಅತ್ತಿಗೆ ಇಲ್ಲ. ಮೆಟ್ಟಿಲಿಳಿದು ಓಡಿದ್ದಾರೆ. ಮಂಡಿನೋವಿನ ಅತ್ತಿಗೆ! ನಾನು ಗೇಟಿಗೆ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಂಬದ ಹತ್ತಿರ ಹುಡುಗಿಯ ಕೈ ಹಿಡಿದು ನಿಲ್ಲಿಸಿದ್ದರು. ಹುಡುಗಿ ತಲೆ ತಗ್ಗಿಸಿ ಅಳುತ್ತಿದ್ದಳು. ಅತ್ತಿಗೆ ಅತ್ತಿತ್ತ ನೋಡಲಿಲ್ಲ. ತಲೆ ಮೇಲಿನ ಸೆರಗನ್ನು ಸರ್ರನೆ ಎಳೆದು ಹೆಗಲಿಗೆ ಬಿಟ್ಟರು. ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ನೋಡುತ್ತಿರುವಂತೆಯೇ ಹರಿದ ಕಿವಿಯನ್ನು ಅವಳ ಮುಂದೆ ಹಿಡಿದರು.

"ನೋಡವ್ವ. ನಂದೂ ಹಿಂಗೈತೆ. ನೀನು ನನ್ನ ಬಗ್ಗೆ ಹೇಳಬ್ಯಾಡ, ನಾನು ನಿನ್ನ ಬಗ್ಗೆ ಹೇಳಲ್ಲ. ಬಾ."

"ದೊಡ್ಡಮ್ಮ, ನಮ್ಮತ್ತೆಗೆ ಗೊತ್ತಾದ್ರೆ..."

"ನಿಮ್ಮತ್ತೆಗೆ ನಾನಿದೀನಿ, ಬಾ ಅಂದೆ."

ಬಂದಳು. ಸತ್ಯ ಹೇಳ್ತೀನಿ, ನನ್ನ ಕಣ್ಣು ಒದ್ದೆಯಾಯಿತು.

ಅತ್ತಿಗೆ ಹುಡುಗಿಯ ಪಕ್ಕದಲ್ಲೇ ಕೂತು, ಅವಳ ಸರದಿ ಬಂದಾಗ ಜೊತೆಗೇ ಒಳಗೆ ಹೋದರು. ಅಷ್ಟರಲ್ಲಿ ಅತ್ತಿಗೆಯ ಹನ್ನೊಂದೂವರೆ ದಾಟಿತ್ತು. ಆ ಜಾಗಕ್ಕೆ ಜಗಳೂರಿನಿಂದ ಬಂದಿದ್ದ ತಾಯಿ-ಮಗ ಕೂತಾಗಿತ್ತು. ಜಯಮ್ಮನ ಲೆಕ್ಕದಲ್ಲಿ ಅವರ ವಾಪಸ್ ಬಸ್ ತಪ್ಪಕೂಡದು. "ಆರು ವರ್ಷ ತಡೆದಿದೀನಿ, ಒಂದು ವಾರಕ್ಕೆ ಕಿವಿ ಓಡಿಹೋಗ್ತದಾ?" ಅಂದರು ಅತ್ತಿಗೆ.

ಅಲ್ಲ, ದಾವಣಗೆರೆ ದಾಟಿಕೊಂಡು ಜಗಳೂರಿನವರು ಚನ್ನಗಿರಿಗೆ ಯಾಕೆ ಬರುತ್ತಾರೆ? ಡಾಕ್ಟರನ್ನೇ ಕೇಳಿದೆ. ನಕ್ಕರು. "ದಾವಣಗೆರೆಯಲ್ಲಿ ಅವರಿಗೆ ನೆಂಟರು ಜಾಸ್ತಿ. ಇಲ್ಲಿ ಯಾರೂ ಇಲ್ಲ."

ಶುರುವಿನಲ್ಲಿ ಅವರೂ ದೊಡ್ಡ ಫ್ಲೆಕ್ಸ್ ಹಾಕಿಸಿದ್ದರಂತೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯ್ತು ಅಂತ ಫೋಟೋ. ಜನ ನಿಂತು ಫ್ಲೆಕ್ಸ್ ನೋಡಿದರು, ಒಳಗೆ ಒಬ್ಬರೂ ಬರಲಿಲ್ಲ. "ಸೋಮವಾರ ಬಂದು ನೊಣ ಹೊಡ್ಕೊಂಡು ಹೋಗ್ತಿದ್ದೆ ಸಾರ್. ಮುಚ್ಚಿಬಿಡೋಣ ಅಂತಿದ್ದೆ. ಜಯಮ್ಮ ಬಂದವಳೇ ಮೊದಲು ಫ್ಲೆಕ್ಸ್ ಇಳಿಸಿದಳು. ಈಗ ಒಂದು ಸೋಮವಾರವೂ ಖಾಲಿ ಇಲ್ಲ."

ಮಾರ್ಕೆಟಿಂಗ್, ಬ್ರ್ಯಾಂಡಿಂಗ್ ಅಂತ ಕೋಟು ಹಾಕಿಕೊಂಡು ಭಾಷಣ ಮಾಡುವವರೆಲ್ಲ ಒಮ್ಮೆ ಈ ಐದು ಕುರ್ಚಿ ನೋಡಿ ಹೋಗಬೇಕು. ಜಯಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಯಾವ ಊರಿನ ಬಸ್ ಎಷ್ಟಕ್ಕೆ ಅನ್ನೋದು ಬಾಯಿಪಾಠ. ಅದಕ್ಕಿಂತ ಹೆಚ್ಚಾಗಿ, ಬಂದವರಿಗೆ ಎಲ್ಲಿ ಸಂಕಟವಾಗುತ್ತದೆ ಅನ್ನೋದು ಗೊತ್ತು. ಭಲೇ ಹೆಣ್ಣೇ ಅಂತ ಮನಸ್ಸಿನಲ್ಲೇ ಕೈ ಮುಗಿದೆ.

ಹೊರಡುವಾಗ ಜಯಮ್ಮ ಪುಸ್ತಕ ತೆಗೆದು ಅತ್ತಿಗೆಗೆ ಮುಂದಿನ ಸೋಮವಾರ, ಹುಡುಗಿಗೆ ಅದರ ಮುಂದಿನದು ಅಂತ ಬರೆಯತೊಡಗಿದರು.

ಹುಡುಗಿ ಮೆಲ್ಲಗೆ ಅಂದಳು, "ದೊಡ್ಡಮ್ಮ ಬರೋ ದಿನಾನೇ ನಂಗೂ ಹಾಕ್ರಿ."

ಜಯಮ್ಮನ ಪೆನ್ನು ನಿಂತಿತು. ಅತ್ತಿಗೆಯ ಮುಖ ನೋಡಿದರು, ಅವಳ ಮುಖ ನೋಡಿದರು, ನಲ್ಲೂರಿನ ಇಬ್ಬರನ್ನೂ ಒಂದೇ ದಿನಕ್ಕೆ ಬರೆದುಕೊಂಡರು.

ಕಿವಿ, ಕಲೆ ಇವನ್ನೆಲ್ಲ ಡಾಕ್ಟರು ಸರಿ ಮಾಡುತ್ತಾರೆ ಬಿಡಿ. ಇವರನ್ನೆಲ್ಲ ಹೆದರಿಸಿ ಮುಖ ಮುಚ್ಚಿಸಿದ ನಮ್ಮ ಬಾಯಿಗೆ ಹೊಲಿಗೆ ಹಾಕೋರು ಯಾರು?