ಕ್ಯಾಲೆಂಡರ್ ಹಾಳೆಯ ಹಿಂದಿನ ಪಟ್ಟಿ

ನಾಗವೇಣಿ, ಆ ತಪ್ಪು ನಿಮ್ಮದಲ್ಲ, ನನ್ನದು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ. ಆಗ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ — ಈಗ ಕೈ ತಾನಾಗಿಯೇ ‘ನೀವು’ ಎಂದು ಬರೆಯುತ್ತಿದೆ.

ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಯುರೋಪಿನ ಖಾಸಗಿ ಪೈಲಟ್‌ಗಳಿಗೆ ಕಂಪ್ಯೂಟರ್ ಪಾಠ ತಯಾರಿಸುತ್ತಿದ್ದೆವು. ಸ್ವಂತ ಖುಷಿಗೆ ಸಣ್ಣ ವಿಮಾನ ಹಾರಿಸುವ ಜನ ಅವರು. ಮೋಡದೊಳಗೆ, ಹೊರಗೇನೂ ಕಾಣದಾಗ, ಎದುರಿನ ಮೀಟರುಗಳ ಮುಳ್ಳುಗಳನ್ನಷ್ಟೇ ನೋಡಿ ಹಾರಿಸಲು ಬೇರೆಯೇ ಅರ್ಹತೆ ಬೇಕು. ಮೊದಲಿಂದ ಇದ್ದ ಅರ್ಹತೆ ಕಬ್ಬಿಣದ ಕಡಲೆ. ಅಲ್ಲಿನವರು ನಿಯಮ ಬದಲಿಸಿ ಹಗುರವಾದ ಹೊಸ ಅರ್ಹತೆಯೊಂದನ್ನು ತಂದರು: ಇಷ್ಟೇ ಗಂಟೆ ಕಲಿಯಬೇಕೆಂಬ ಲೆಕ್ಕವಿಲ್ಲ, ಕೈ ಪಳಗಿದರೆ ಸಾಕು. ಅದಕ್ಕೊಂದು ಷರತ್ತು — ಇಳಿಯುವಾಗ ರನ್‌ವೇ ಕಾಣದಿದ್ದರೆ, ಹಳೆಯ ಅರ್ಹತೆಯವರಿಗಿಂತ ಇನ್ನೂರು ಅಡಿ ಮೇಲಿಂದಲೇ ವಾಪಸ್ ಏರಬೇಕು.

ಹೊಸ ಪಾಠ ಬರೆಯುವ ಹೊಣೆ ನನ್ನದು. ನಾನು ಮಾಡಿದ್ದಿಷ್ಟು — ಹಳೆಯ ಪಾಠ ತೆರೆದು, ಹಳೆಯ ಅರ್ಹತೆಯ ಹೆಸರಿದ್ದಲ್ಲೆಲ್ಲ ಹೊಸದು ಬರುವಂತೆ ಒಂದೇ ಏಟಿಗೆ ಬದಲಿಸಿಬಿಟ್ಟೆ. ಎತ್ತರಗಳು ಹಳೆಯವೇ ಉಳಿದವು. ಓದಿ ನೋಡದೆ ಸಹಿ ಹಾಕಿದೆ.

ನೀವು ವರ್ತೂರಿನವರು, ಪಾಠ ಪರೀಕ್ಷಿಸಲು ಸೇರಿ ಮೂರು ತಿಂಗಳಾಗಿರಲಿಲ್ಲ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಉಳಿದವರು ಬಟನ್ ಒತ್ತಿ ‘ಸರಿಯಿದೆ’ ಎಂದು ಬರೆದು ಟೀಗೆ ಹೋಗುತ್ತಿದ್ದರು. ನೀವು ಮಾತ್ರ ಹೊರಗಿನ ಆಕಾಶ ಕಾಣುವ ಪರದೆಯ ಮೇಲರ್ಧಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ, ಮೋಡದಲ್ಲಿದ್ದೇನೆ ಎಂದುಕೊಂಡೇ ಪಾಠದ ವಿಮಾನವನ್ನು ಇಳಿಸಿ ನೋಡುತ್ತಿದ್ದಿರಿ. ನಾವು ನಗುತ್ತಿದ್ದೆವು. ಅಂಥ ಶ್ರದ್ಧೆಯನ್ನು ಆ ಕಟ್ಟಡದಲ್ಲಿ ನಾನು ಮತ್ತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ನನ್ನ ಟೇಬಲ್ ಹತ್ತಿರ ಬಂದಿರಿ.

“ಸಾರ್, ಇದ್ರಲ್ಲಿ ಇನ್ನೂರು ಅಡಿ ಸೇರ್ಸಿಲ್ಲ. ಇಂಗೇ ಇಳುದ್ರೆ ರೂಲ್ ತಪ್ತದೆ.”

“ನೀನು ವಿಮಾನ ಹತ್ತಿದ್ದೀಯೇನಮ್ಮಾ?” ಎಂದೆ.

ನಾನಾದರೂ ಹತ್ತಿದ್ದು ಕಿಟಕಿ ಪಕ್ಕದ ಸೀಟಿಗೆ. ಪಾಠ ಹಾಗೆಯೇ ಹೋಯಿತು. ಪುಣ್ಯಕ್ಕೆ, ಕಲಿಯುವವರ ಕೈ ಸೇರುವ ಮೊದಲೇ ಅಲ್ಲಿನ ತರಬೇತಿದಾರರೊಬ್ಬರ ಕಣ್ಣಿಗೆ ಬಿತ್ತು. ಪರೀಕ್ಷಿಸಿದ್ದು ಯಾರೆಂದು ಮ್ಯಾನೇಜರ್ ಎಲ್ಲರೆದುರು ಕೇಳಿದರು.

“ನಾಗವೇಣಿ ಸಾರ್. ಹೊಸಬರು, ಗಮನಿಸಿಲ್ಲ,” ಎಂದೆ.

“ನಾನು ಹೇಳಿದ್ನಲ್ಲ ಸಾರ್?” ಎಂದು ನನ್ನ ಮುಖ ನೋಡಿದಿರಿ.

“ನೆನಪಿಲ್ಲ.”

ಆ ವಾರವೇ ನಿಮ್ಮ ಕೆಲಸ ಹೋಯಿತು. ಕೊನೆಯ ದಿನ ಆ ಕ್ಯಾಲೆಂಡರ್ ಹಾಳೆಯನ್ನು ನನ್ನ ಟೇಬಲ್ ಮೇಲೆ ಇಟ್ಟಿರಿ. ಬೈದು ಬರೆದಿರಬೇಕು ಎಂದುಕೊಂಡೇ ತಿರುಗಿಸಿದೆ. ಅದೇ ತಪ್ಪು ಉಳಿದುಕೊಂಡಿದ್ದ ಇನ್ನೂ ಒಂಬತ್ತು ಜಾಗಗಳ ಪಟ್ಟಿ, ದುಂಡನೆಯ ಅಕ್ಷರದಲ್ಲಿ.

“ಇವೂ ಸರಿ ಮಾಡ್ಬಿಡಿ ಸಾರ್. ಯಾರೋ ಪಾಪ, ನಂಬ್ಕೊಂಡು ಇಳೀತಾರೆ,” ಎಂದಿರಿ.

ಅನ್ನ ಕಳೆದುಕೊಂಡ ದಿನ ಕಾಣದ ದೇಶದ, ಕಾಣದ ಜನರ ಬಗ್ಗೆ ಯೋಚಿಸಿದವರು ನೀವು — ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಹಾಳೆ ಹರಿದು ಬಿಸಾಡುತ್ತಿದ್ದೆ. ಒಂಬತ್ತನ್ನೂ ತಿದ್ದಿದೆ. ಎಷ್ಟು ಸೂಕ್ಷ್ಮವಾಗಿ ನೋಡಿದ್ದೀರಿ ಎಂದು ಯುರೋಪಿನಿಂದ ನನಗೆ ಹೊಗಳಿಕೆ ಬಂತು. ಬೆಳ್ಳಂದೂರಿನ ಮನೆಯಲ್ಲಿ ಅವ್ವನಿಗೂ ಅದನ್ನು ಓದಿ ಹೇಳಿದೆ, ನಾಚಿಕೆಯಿಲ್ಲದೆ.

ಮೊನ್ನೆ ಹೊಸಬರಿಗೆ ಪರೀಕ್ಷಿಸುವುದನ್ನು ಕಲಿಸಲು ಹೇಳಿದರು. ಪರದೆಗೆ ಹಾಳೆ ಅಂಟಿಸಿ ತೋರಿಸಿದೆ. “ಸಕ್ಕತ್ತಾಗಿದೆ ಸಾರ್, ಈ ಐಡಿಯಾ ನಿಮ್ದಾ?” ಎಂದು ಒಬ್ಬಳು ಕೇಳಿದಳು. ‘ಹೌದು’ ನಾಲಿಗೆಯ ತುದಿಯವರೆಗೆ ಬಂದಿತ್ತು — “ಅಲ್ಲಮ್ಮ, ನಾಗವೇಣಿ ಅಂತ ಇದ್ರು, ಅವ್ರದು,” ಎಂದೆ. ಉಳಿದದ್ದನ್ನು ಹೇಳಲು ಧೈರ್ಯ ಸಾಲಲಿಲ್ಲ.

ಇವತ್ತು ಬೆಳಿಗ್ಗೆ ಆ ಪಟ್ಟಿಯ ಫೋಟೋ ಜೊತೆ ನಡೆದದ್ದನ್ನೆಲ್ಲ ಮ್ಯಾನೇಜರಿಗೆ ಬರೆದು ಕಳಿಸಿದೆ. ಹೆದರಿಕೆಯಾಗುತ್ತಿದೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ಅವತ್ತು ಎಲ್ಲರೆದುರು ಹೇಳಬೇಕಿದ್ದದ್ದನ್ನು ಈಗ ಹೇಳುತ್ತಿದ್ದೇನೆ — ನೀವು ಹೇಳಿದ್ದಿರಿ, ನಾಗವೇಣಿ. ನನಗೆ ನೆನಪಿತ್ತು.