ನಾಲಾದ ಬಾಯಿಯ ನೀರು ಮತ್ತು ನಮ್ಮ ಅಕ್ಕೋರು

ಗುರುವಾರದ ದಿನ ಅಕ್ಕೋರ ಸೀರೆ ಮೊಣಕಾಲ ತನಕ ತೊಯ್ದಿರುತ್ತಿತ್ತು. ಹೊಳೆಯ ಕೆಸರು ಒಣಗಿ, ಅಂಚಿನ ಮೇಲೆ ಬೂದು ಬಣ್ಣದ ಇನ್ನೊಂದು ಅಂಚು ನೇಯ್ದಂತೆ ಕಾಣುವುದು. ಹಾಗೆಯೇ ಅಂಕಲಿಯ ಬಸ್ ನಿಲ್ದಾಣದಲ್ಲಿ ನಿಲ್ಲುವರು. ಯಾರಾದರೂ ನೋಡಿ ನಕ್ಕರೆ, "ಹೊಳಿಗೆ ಹೋಗಿದ್ದೆಪಾ, ಲಗ್ನಕ್ಕಲ್ಲ" ಎನ್ನುವರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನನಗೆ ಕಲಿಸಿದವರಲ್ಲ. ನಾನು ಏಳನೆಯ ಇಯತ್ತೆಗೇ ಸಾಲೆ ಬಿಟ್ಟು ಪಂಪ್‌ಸೆಟ್ ರಿಪೇರಿಗೆ ಕುಳಿತವನು. ಹೊಳೆದಂಡೆಯಲ್ಲಿ ಕೆಟ್ಟು ನಿಂತ ಮೋಟರನ್ನು ಯಾರೂ ಎಬ್ಬಿಸಲಾಗದಿದ್ದರೆ ನನ್ನನ್ನು ಕರೆಯುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಕ್ಕೋರು ಒಮ್ಮೆ ಕಾರವಾರದ ತಂಗಿಯ ಮನೆಗೆ ಹೋಗಿದ್ದರು. ಅಲ್ಲಿ ಸಮುದ್ರದ ನೀರು ಹುಳಿಯಾಗುತ್ತಿದೆಯೇ ಎಂದು ಮೀನುಗಾರರೇ ವಾರವಾರ ನೋಡಿ ಬರೆದಿಡುವುದನ್ನು ಕಂಡರಂತೆ. ಊರಿಗೆ ಮರಳಿದವರು ನೇರವಾಗಿ ನನ್ನ ಅಂಗಡಿಗೆ ಬಂದರು.

"ಮಿಸ್ತ್ರಿ, ಅವ್ರು ಸಮುದ್ರಾನ ಬಿಟ್ಟಿಲ್ಲ. ನಮಗ ಒಂದು ಹೊಳಿ ನೋಡ್ಕೊಳ್ಳಾಕ ಆಗೂದಿಲ್ಲೇನ್ರಿ?"

"ನೀರಾಗ ನೋಡೂದೇನೈತ್ರಿ ಅಕ್ಕೋರ? ಹರೀತೈತಿ."

"ಹಂಗಾರ ನಾಲಾದ ಕಡೆ ಪಂಪಿನ ಪಂಕಾ ಯಾಕ ತಿಂದು ಹೋಗಾಕತ್ತಾವ, ಹೇಳ್ರಿ."

ಆ ವರ್ಷ ನಾಲಾದ ಹಳ್ಳ ಹೊಳೆಗೆ ಕೂಡುವ ಜಾಗದ ಪಂಪುಗಳನ್ನು ಬಿಚ್ಚಿದರೆ, ಒಳಗೆ ನೀರೆತ್ತುವ ಪಂಕಾಗಳು ಹುಳ ತಿಂದ ಕಟ್ಟಿಗೆಯಂತೆ ಇರುತ್ತಿದ್ದವು. ಮೇಲಿನಿಂದ ಯಾರೋ ನಾಲಾಕ್ಕೆ ಏನನ್ನೋ ಬಿಡುತ್ತಿದ್ದಾರೆ ಎಂಬುದು ಅಕ್ಕೋರ ಅನುಮಾನ. ಅದನ್ನು ತೋರಿಸಿಕೊಟ್ಟರೆ ಸರಕಾರದವರು ಬಂದು ತಪಾಸಣೆ ಮಾಡಲೇಬೇಕು.

ಅಂಕಲಿಯಿಂದ ದಿಗ್ಗೇವಾಡಿಯ ತನಕ ದಂಡೆಗುಂಟ ಐದು ಜಾಗ, ಅಕ್ಕೋರೂ ಸೇರಿ ಐದು ಜನ. ನಾಲಾದ ಬಾಯಿ ನನ್ನದು. ಪ್ರತಿ ಗುರುವಾರ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ನಾಲ್ಕು ಹನಿ ಔಷಧ ಬಿಟ್ಟು, ಬೂಚು ಹಾಕಿ ಅಲ್ಲಾಡಿಸಬೇಕು. ಕೆಂಪಿನ ಕಡೆ ತಿರುಗಿದರೆ ಹುಳಿ, ಹಸಿರಾದರೆ ಚಲೋ, ನೀಲಿಯಾದರೆ ಹುಳಿಯ ವಿರುದ್ಧ. ಬಣ್ಣದ ಚೀಟಿಗೆ ಹೋಲಿಸಿ ವಹಿಯಲ್ಲಿ ಅಂಕಿ ಬರೆಯಬೇಕು. ಮೊದಲು ಕೈ ತೊಳೆಯಬೇಕು. ನನ್ನ ಬೂಚು ಮೊದಲ ವಾರವೇ ಹೊಳೆಗೆ ಬಿತ್ತು. ಹೆಬ್ಬೆರಳಿದೆಯಲ್ಲ ಎಂದು ಅದನ್ನೇ ಒತ್ತಿ ಹಿಡಿದು ಅಲ್ಲಾಡಿಸತೊಡಗಿದೆ.

ವಹಿಯಲ್ಲಿ ನನ್ನ ಅಕ್ಷರ ನೋಡಿ ಅಕ್ಕೋರು, "ನೀವು ಸಾಲಿ ಬಿಟ್ಟಿದ್ದು ಸಾಲೀಗೆ ಲುಕ್ಸಾನ ಆತು ನೋಡ್ರಿ" ಎಂದಿದ್ದರು. ಆ ಮಾತನ್ನು ಎಷ್ಟು ದಿನ ಮೆಲುಕು ಹಾಕಿದೆನೋ.

ಉಳಿದ ನಾಲ್ವರ ಅಂಕಿ ಅಷ್ಟಿಷ್ಟು ಹುಳಿ ತೋರಿಸುತ್ತಿತ್ತು. ನನ್ನದು ಮಾತ್ರ ಪ್ರತಿ ವಾರ ಹಸಿರು, ಕೆಲವೊಮ್ಮೆ ನೀಲಿಯ ಕಡೆಗೇ. ಒಂದು ಗುರುವಾರ ಅಕ್ಕೋರು ನನ್ನ ಜಾಗಕ್ಕೆ ಬಂದರು.

"ಮಿಸ್ತ್ರಿ, ಕೈ ತೊಳಕೊಂಡ ಹಿಡೀತೀರಲ್ಲ?"

"ನನಗ ಕೈ ತೊಳಿಯೂದು ಕಲಿಸಬ್ಯಾಡ್ರಿ ಅಕ್ಕೋರ."

"ಸಿಟ್ಟಾಗಬ್ಯಾಡ್ರಿ. ಇನ್ನೊಂದು ಸಲ ನಾ ನೋಡ್ಲೇನು?"

"ನನ್ನ ಮ್ಯಾಲೆ ನಂಬಿಗಿ ಇಲ್ಲಂದ್ರ ಬ್ಯಾರೇದವ್ರಿಗೆ ಕೊಟ್ಟಬಿಡ್ರಿ ಈ ಕೆಲಸ."

ನಳಿಗೆಗೆ ಚಾಚಿದ್ದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. "ಆತ್ರಿ. ನೀವು ಹೇಳಿದ್ರಂದ್ರ ಬರೋಬ್ಬರಿ" ಎಂದು ಹೊರಟರು. ಮತ್ತೆಂದೂ ಕೇಳಲಿಲ್ಲ.

ನಾಲಾದ ತಪಾಸಣೆ ಆಗಲೆಂದು ಅಕ್ಕೋರು ಕೊಟ್ಟಿದ್ದ ಅರ್ಜಿ ಚಿಕ್ಕೋಡಿಯ ಸರಕಾರಿ ಕಚೇರಿಯಲ್ಲಿ ವಿಚಾರಣೆಗೆ ಬಂದ ದಿನ ನಾವು ಐವರೂ ಹೋಗಿದ್ದೆವು. ಸಾಹೇಬರು ವಹಿ ತಿರುವಿದರು. "ಹೊಲಸು ನಾಲಾದಿಂದ ಬರ್ತೈತಿ ಅಂತೀರಿ. ನಾಲಾದ ಬಾಯಾಗ ನೀರು ಎಲ್ಲಾಕಿಂತ ಚಲೋ ಐತಿ ಅಂತ ನಿಮ್ಮವ್ರ ಬರದಾರ. ಯಾವುದು ಖರೆ?"

ಆ ಅಂಕಿಯ ಬಗ್ಗೆ ತಮಗೇ ಅನುಮಾನವಿದೆ ಎಂದಿದ್ದರೆ ಅರ್ಜಿ ಉಳಿಯುತ್ತಿತ್ತೋ ಏನೋ. ಅಕ್ಕೋರು ಹೇಳಿದ್ದು ಇಷ್ಟೇ: "ಬರದವ್ರು ನಮ್ಮ ಮಿಸ್ತ್ರಿ. ಅವ್ರು ಸುಳ್ಳು ಬರಿಯೂ ಮನಷ್ಯಾ ಅಲ್ರಿ."

ಅರ್ಜಿ ಬಿದ್ದುಹೋಯಿತು. ನಾನು ಮಾತ್ರ ಎದೆಯುಬ್ಬಿಸಿಕೊಂಡು ಮೆಟ್ಟಿಲಿಳಿದೆ.

ಮುಂದಿನ ವಾರ ನಾಲಾದ ನೀರನ್ನು ಬಾಟಲಿಯಲ್ಲಿ ಮನೆಗೇ ತಂದೆ, ಹೆಂಡತಿಗೆ ತೋರಿಸಲು. "ತರ್ರಿ, ನಾನೂ ಒಮ್ಮೆ ಮಾಡ್ತೀನಿ" ಎಂದು ಅವಳು ನಳಿಗೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಲ್ಲಾಡಿಸಿದಳು. ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ನಾನು ಮಾಡಿದೆ, ಹಸಿರು. ಅವಳು ನನ್ನ ಹೆಬ್ಬೆರಳು ಹಿಡಿದು ನೋಡಿದಳು.

"ನೀವು ತಂಬಾಕ ತಿನ್ನೂದಲ್ದ ಹೊಳೀಗೂ ಸುಣ್ಣಾ ತಿನ್ನಸಾಕತ್ತೀರಿ ಬಿಡ್ರಿ."

ನಿಪ್ಪಾಣಿಯ ತಂಬಾಕಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕುವುದು ನನ್ನ ಹಳೆಯ ಚಟ. ದಂಡೆಗೆ ಇಳಿದ ಕೂಡಲೇ ಮೊದಲು ಅದು, ಆಮೇಲೆ ನಳಿಗೆ. ಉಗುರ ಸಂದಿಯ ಸುಣ್ಣ ಅಷ್ಟೂ ವಾರ ನೀರಿನ ಹುಳಿಯನ್ನು ಮುರಿದಿತ್ತು.

ಅಂದೇ ಹೋಗಿ ಹೇಳಬೇಕಿತ್ತು. ಎರಡು ಸಲ ಅಕ್ಕೋರ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಬಂದೆ. ಅದರ ಬದಲು ಹೊಸ ಬೂಚು ತಂದು, ಕೈ ತೊಳೆದು, ಸರಿಯಾದ ಅಂಕಿ ಬರೆಯತೊಡಗಿದೆ. ಅಕ್ಕೋರು ವಹಿ ನೋಡಿ, "ಏನ್ರಿ, ಈಗೀಗ ಕೆಟ್ಟೈತೇನು ನೀರು?" ಎಂದರು.

"ಹೌದ್ರಿ. ಈಗೀಗ."

ಮೊದಲಿನದು ಗೊತ್ತಿಲ್ಲದೆ ಆದ ತಪ್ಪು. ಇದು ಗೊತ್ತಿದ್ದೇ ಆಡಿದ್ದು.

"ಹಂಗಾರ ಮತ್ತ ಮೊದಲಿಂದ ಬರ್ಕೊಂಡ ಹೋಗೂಣ್ರಿ" ಎಂದರು ಅಕ್ಕೋರು, ಬೇಸರವಿಲ್ಲದೆ. ಅದು ಮುಗಿಯುವ ತನಕ ಅವರು ಉಳಿಯಲಿಲ್ಲ. ಮಳೆಗಾಲದ ಸುರುವಿಗೆ ಜ್ವರ ಬಂತು. ಮಿರಜಕ್ಕೆ ಒಯ್ದರು. ಮೂರನೆಯ ದಿನ ಸುದ್ದಿ ಬಂತು.

ಅಕ್ಷರ ಚೆನ್ನಾಗಿದೆಯೆಂದು ಉಳಿದವರು ವಹಿಯನ್ನು ನನಗೇ ಒಪ್ಪಿಸಿದರು. ಅಂಗಡಿಯ ಬಾಗಿಲು ಎಳೆದುಕೊಂಡು ಕುಳಿತು, ನನ್ನ ಹಳೆಯ ಅಂಕಿಗಳ ಪಕ್ಕದಲ್ಲಿ ಒಂದೊಂದಕ್ಕೂ ಬರೆದೆ: 'ಇದು ತಪ್ಪು. ನಾನು ಕೈ ತೊಳೆದಿರಲಿಲ್ಲ.' ಪ್ರತಿ ಸಾಲಿನ ಕೆಳಗೆ ಸಹಿ ಮಾಡಿದೆ. ಅದನ್ನು ಹಿಡಿದು ಚಿಕ್ಕೋಡಿಗೆ ಹೋದೆ.

ಅದೇ ಸಾಹೇಬರು. ಓದಿ ಮುಗಿಸಿ, ವಹಿ ಮುಚ್ಚಿ ಕೇಳಿದರು: "ಅರ್ಜಿ ಕೊಟ್ಟಿದ್ದ ಅಕ್ಕೋರಿಗೆ ಇದು ಗೊತ್ತೈತೇನು?"

"ಇಲ್ರಿ ಸಾಹೇಬ್ರ" ಎಂದೆ. "ಅವ್ರು ನನ್ನ ಮಾತ ನಂಬಕೊಂಡ ಹೋಗ್ಯಾರ."